ಪರಂಗಿಕಾಯಿ ಹಾಲಿನಿಂದ ಇನ್ಸುಲಿನ್‌ವರೆಗೆ

ಕೇಳುಗರೆಲ್ಲರಿಗೂ ನಮಸ್ಕಾರ.

ಮಟನ್ ಸಾರು ಮಾಡುವ ಮನೆಗಳಲ್ಲಿ ಒಂದು ಉಪಾಯ ಗೊತ್ತಿರುತ್ತದೆ. ಮಾಂಸ ಬಲಿತಿದ್ದರೆ ಬೇಗ ಬೇಯುವುದಿಲ್ಲ. ಆಗ ಅದರ ಜೊತೆ ಒಂದು ತುಂಡು ಪರಂಗಿಕಾಯಿ ಹಾಕುತ್ತಾರೆ. ಮಾಂಸ ಮೆತ್ತಗಾಗುತ್ತದೆ. ಕಾಯಿಯ ಸಿಪ್ಪೆಗೆ ಗೀರು ಹಾಕಿದರೆ ಬೆಳ್ಳಗೆ ಹಾಲು ಜಿನುಗುತ್ತದಲ್ಲ, ಆ ಹಾಲಿನ ಗುಣ ಅದು. ಅದರಲ್ಲಿ ಪಪೇನ್ ಎಂಬ ಕಿಣ್ವ ಇದೆ. ಎನ್ಜೈಮ್ ಅಂತೀವಲ್ಲ, ಅದು. ಪ್ರೋಟೀನನ್ನು ಕತ್ತರಿಸಿ ಚೂರು ಮಾಡುವುದು ಅದರ ಕೆಲಸ.

1978ರಲ್ಲಿ ಬೆಂಗಳೂರಿನ ಕೋರಮಂಗಲದಲ್ಲಿ, ಬಾಡಿಗೆ ಮನೆಯೊಂದರ ಗ್ಯಾರೇಜಿನಲ್ಲಿ, 25 ವರ್ಷದ ಹೆಣ್ಣುಮಗಳೊಬ್ಬರು ಈ ಪರಂಗಿ ಹಾಲನ್ನು ನಂಬಿ ಕಂಪನಿ ಶುರು ಮಾಡಿದರು. ಕೈಯಲ್ಲಿದ್ದ ಬಂಡವಾಳ 10,000 ರೂಪಾಯಿ. ಅವರು ಕಿರಣ್ ಮಜುಂದಾರ್. ಮುಂದೆ ಮದುವೆಯಾದ ಮೇಲೆ ಕಿರಣ್ ಮಜುಂದಾರ್ ಶಾ. ಕಂಪನಿಯ ಹೆಸರು ಬಯೋಕಾನ್.

ಅವರ ಹಣದ ಲೆಕ್ಕ ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತದೆ. ಇವತ್ತು ನಾನು ಹೇಳಬೇಕೆಂದಿರುವುದು ಅವರು ಕಲಿತ ವಿದ್ಯೆಯ ಕಥೆ. ಅದು ಹುದುಗು ಬರಿಸುವ ವಿದ್ಯೆ. ಇಡ್ಲಿ ಹಿಟ್ಟು ರಾತ್ರಿಯಿಡೀ ಉಬ್ಬುವುದಕ್ಕೂ ಅದಕ್ಕೂ ನಂಟಿದೆ.

ಕಿರಣ್ ಹುಟ್ಟಿದ್ದು 1953ರಲ್ಲಿ, ಬೆಂಗಳೂರಿನಲ್ಲೇ. ಗುಜರಾತಿ ಮನೆತನ. ತಂದೆ ರಸೇಂದ್ರ ಮಜುಂದಾರ್ ಯುನೈಟೆಡ್ ಬ್ರೂವರೀಸ್‌ನಲ್ಲಿ ಬ್ರೂಮಾಸ್ಟರ್. ಬಿಯರಿನ ರುಚಿ, ಹದ, ಎಲ್ಲವೂ ಬ್ರೂಮಾಸ್ಟರ್ ಹೊಣೆ. ಮಗಳಿಗೆ ಡಾಕ್ಟರ್ ಆಗುವ ಆಸೆ ಇತ್ತು, ಸೀಟು ಸಿಗಲಿಲ್ಲ. ಮೌಂಟ್ ಕಾರ್ಮೆಲ್ ಕಾಲೇಜಿನಲ್ಲಿ ಓದಿ, 1973ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದಿಂದ ಪ್ರಾಣಿಶಾಸ್ತ್ರದಲ್ಲಿ ಪದವಿ ಪಡೆದರು. ಮುಂದೇನು ಅಂತ ಯೋಚಿಸುತ್ತಿದ್ದಾಗ ಅಪ್ಪನೇ ದಾರಿ ತೋರಿಸಿದರು. ನನ್ನ ಕೆಲಸವನ್ನೇ ನೀನೂ ಕಲಿ ಅಂದರು. ಐವತ್ತು ವರ್ಷದ ಹಿಂದೆ ಒಬ್ಬ ಅಪ್ಪ ಮಗಳಿಗೆ ಬಿಯರ್ ಮಾಡುವುದನ್ನು ಕಲಿ ಅಂತ ಹೇಳಿದ್ದು ಸಣ್ಣ ಮಾತಲ್ಲ. ಆ ಅಪ್ಪನ ಬಗ್ಗೆ ನನಗೆ ತುಂಬಾ ಗೌರವ.

ಆಸ್ಟ್ರೇಲಿಯಾದ ಬ್ಯಾಲರಾಟ್ ಎಂಬ ಊರಿನ ಕಾಲೇಜಿಗೆ ಹೋದರು. ಆ ತರಗತಿಯಲ್ಲಿ ಇವರೊಬ್ಬರೇ ಹೆಣ್ಣು. ಮೊದಲ ಸ್ಥಾನವೂ ಇವರದೇ. ಅಲ್ಲಿ ಕಲಿತದ್ದೇನು? ಮೊದಲು ಮಾಲ್ಟ್ ಮಾಡುವುದು. ನಮ್ಮ ಮನೆಗಳಲ್ಲಿ ರಾಗಿ ನೆನೆಸಿ, ಬಟ್ಟೆಯಲ್ಲಿ ಮೊಳಕೆ ಕಟ್ಟಿ, ಒಣಗಿಸಿ, ಹುರಿದು ಬೀಸುತ್ತೇವಲ್ಲ, ಬಾರ್ಲಿಯನ್ನೂ ಹಾಗೆಯೇ ಮೊಳಕೆ ಬರಿಸಿ ಬಿಸಿಗಾಳಿಯಲ್ಲಿ ಒಣಗಿಸುತ್ತಾರೆ. ಆಮೇಲೆ ಅದರ ಸಿಹಿ ರಸಕ್ಕೆ ಯೀಸ್ಟ್ ಬಿಡುತ್ತಾರೆ. ಯೀಸ್ಟ್ ಕಣ್ಣಿಗೆ ಕಾಣದಷ್ಟು ಸಣ್ಣ ಜೀವ. ಅದಕ್ಕೆ ಊಟ, ಬಿಸಿ, ಗಾಳಿ ಎಲ್ಲವೂ ಅಳತೆಯಲ್ಲಿ ಸಿಗಬೇಕು. ಒಂದು ಜಾಸ್ತಿಯಾದರೂ ಇಡೀ ತೊಟ್ಟಿ ಕೆಡುತ್ತದೆ. ಕಾಣದ ಜೀವವನ್ನು ಸಾಕಿ ಅದರಿಂದ ಕೆಲಸ ತೆಗೆಯುವುದು, ಅದೇ ಆ ವಿದ್ಯೆ.

1975ರಲ್ಲಿ ಕಲಿತು ವಾಪಸ್ ಬಂದರು. ಕಲ್ಕತ್ತಾ, ಬರೋಡಾಗಳಲ್ಲಿ ತಾಂತ್ರಿಕ ಕೆಲಸಗಳೇನೋ ಸಿಕ್ಕವು. ಆದರೆ ಬ್ರೂಮಾಸ್ಟರ್ ಹುದ್ದೆ ಮಾತ್ರ ಯಾರೂ ಕೊಡಲಿಲ್ಲ. ಇದು ಗಂಡಸರ ಕೆಲಸ ಅಂದರು. ತರಗತಿಗೇ ಮೊದಲು ಬಂದವರಿಗೆ ಕೊಟ್ಟ ಉತ್ತರ ಅದು! ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಬೇಸತ್ತು ಸ್ಕಾಟ್ಲೆಂಡಿಗೆ ಹೊರಡಲು ಸಿದ್ಧರಾದರು. ಅಲ್ಲೊಂದು ಕೆಲಸವೂ ಗೊತ್ತಾಗಿತ್ತು.

ಅಷ್ಟರಲ್ಲಿ ಐರ್ಲೆಂಡಿನ ಕಾರ್ಕ್ ಊರಿನಿಂದ ಲೆಸ್ಲಿ ಆಕಿನ್‌ಕ್ಲಾಸ್ ಎಂಬ ಉದ್ಯಮಿ ಬಂದರು. ಬಿಯರ್ ತಯಾರಿಕೆಗೂ ಆಹಾರ ಉದ್ಯಮಕ್ಕೂ ಕಿಣ್ವ ಒದಗಿಸುವ ಕಂಪನಿ ಅವರದು. ಭಾರತದಲ್ಲೊಂದು ಶಾಖೆ ತೆರೆಯಬೇಕು, ನೀವು ಜೊತೆಗೆ ಬನ್ನಿ ಅಂದರು. ಕಿರಣ್ ಒಂದು ಷರತ್ತು ಹಾಕಿದರು. ಆರು ತಿಂಗಳಾದ ಮೇಲೆ ಇದು ಬೇಡ ಅನ್ನಿಸಿದರೆ, ಈಗ ಬಿಟ್ಟುಕೊಡುತ್ತಿರುವಂಥದ್ದೇ ಬ್ರೂಮಾಸ್ಟರ್ ಕೆಲಸವನ್ನು ನೀವು ಕೊಡಿಸಬೇಕು ಅಂತ. ನನಗೆ ಈ ಷರತ್ತು ತುಂಬಾ ಇಷ್ಟ. ಕಂಪನಿ ಕಟ್ಟಲು ಒಪ್ಪಿಕೊಳ್ಳುವಾಗಲೂ ಅವರ ಮನಸ್ಸು ಬಿಯರ್ ತೊಟ್ಟಿಯ ಹತ್ತಿರವೇ ಇತ್ತು, ಅಲ್ವಾ?

ಆಗಿನ ಕಾನೂನಿನಂತೆ ವಿದೇಶಿ ಪಾಲು ಶೇಕಡಾ 30 ಮೀರುವಂತಿರಲಿಲ್ಲ. ಉಳಿದ 70 ಕಿರಣ್ ಪಾಲಿಗೆ ಬಂತು. ಸಾಲ ಕೇಳಲು ಬ್ಯಾಂಕಿಗೆ ಹೋದರೆ, ಅಪ್ಪನ ಜಾಮೀನು ಇದೆಯಾ ಅಂತ ಕೇಳಿದರು. ವಯಸ್ಸು ಚಿಕ್ಕದು, ಹೆಣ್ಣು, ಮೇಲಾಗಿ ಜೈವಿಕ ತಂತ್ರಜ್ಞಾನ ಅನ್ನುವ ಮಾತನ್ನೇ ಯಾರೂ ಕೇಳಿರಲಿಲ್ಲ. ಹೆಂಗಸಿನ ಕೈಕೆಳಗೆ ಕೆಲಸಕ್ಕೆ ಸೇರಲೂ ಜನ ಹಿಂದೆಮುಂದೆ ನೋಡಿದರು. ಕೊನೆಗೆ ಮೊದಲು ಸೇರಿದವರು ನಿವೃತ್ತರಾದ ಒಬ್ಬ ಗ್ಯಾರೇಜ್ ಮೆಕ್ಯಾನಿಕ್. ಮೊದಲ ಕಾರ್ಖಾನೆ 3,000 ಚದರಡಿಯ ಒಂದು ಶೆಡ್ಡು.

ಆ ಶೆಡ್ಡಿನಲ್ಲಿ ಎರಡು ಪದಾರ್ಥ ತಯಾರಾಗುತ್ತಿದ್ದವು. ಒಂದು ಪಪೇನ್. ಬಿಯರನ್ನು ತಣ್ಣಗೆ ಮಾಡಿದಾಗ ಅದರೊಳಗಿನ ಪ್ರೋಟೀನು ಸೇರಿಕೊಂಡು ಮಬ್ಬಾಗುತ್ತದೆ. ಪಪೇನ್ ಹಾಕಿದರೆ ಪ್ರೋಟೀನು ಚೂರಾಗಿ ಬಿಯರು ತಿಳಿಯಾಗಿ ಉಳಿಯುತ್ತದೆ. ಇನ್ನೊಂದು ಐಸಿಂಗ್ಲಾಸ್. ಮೀನಿನ ಹೊಟ್ಟೆಯೊಳಗೆ ಗಾಳಿ ತುಂಬಿದ ಚೀಲ ಇರುತ್ತದಲ್ಲ, ಅದನ್ನು ಒಣಗಿಸಿ ತೆಗೆಯುವ ಅಂಟು. ಅದು ಯೀಸ್ಟನ್ನು ಹಿಡಿದುಕೊಂಡು ತಳಕ್ಕೆ ಕೂರುತ್ತದೆ. ಎರಡೂ ಬಿಯರ್ ಮಾಡುವವರಿಗೆ ಬೇಕಾದವು. ಬ್ರೂಮಾಸ್ಟರ್ ಆಗಲು ಬಿಡದಿದ್ದರೂ ಆ ಓದು ಹೀಗೆ ಕೈಹಿಡಿಯಿತು. ಒಂದೇ ವರ್ಷದಲ್ಲಿ ಅಮೆರಿಕಕ್ಕೂ ಯುರೋಪಿಗೂ ಕಿಣ್ವ ಹೋಯಿತು. ಹಾಗೆ ರಫ್ತು ಮಾಡಿದ ಮೊದಲ ಭಾರತೀಯ ಕಂಪನಿ ಅದು. ಬಂದ ಲಾಭದಲ್ಲಿ 20 ಎಕರೆ ಜಮೀನು ಕೊಂಡರು. ಶೆಡ್ಡಿನಲ್ಲಿ ಕೂತು 20 ಎಕರೆಯ ಕನಸು ಕಾಣುವುದಕ್ಕೆ ಎದೆಗಾರಿಕೆ ಬೇಕು.

ಪರಂಗಿಯಿಂದ ಬೂಷ್ಟಿನ ಕಡೆಗೆ ಹೊರಳಿದ್ದು ಆಮೇಲೆ. ಉಪ್ಪಿನಕಾಯಿಗೆ ಬೂಷ್ಟು ಹಿಡಿದರೆ ನಾವು ಎತ್ತಿ ಬಿಸಾಡುತ್ತೇವೆ. ಬಯೋಕಾನ್‌ನವರು ತೇವ ಮಾಡಿದ ಧಾನ್ಯದ ಮೇಲೆ ಬೇಕಾದ ಜಾತಿಯ ಬೂಷ್ಟನ್ನೇ ಬೆಳೆಸಿ, ಅದರಿಂದ ಕಿಣ್ವ ತೆಗೆದರು. ಬೂಷ್ಟಿನಿಂದ ಔಷಧವನ್ನೂ ತೆಗೆಯಬಹುದು. ಕೊಲೆಸ್ಟ್ರಾಲ್ ಇಳಿಸುವ ಲೊವಾಸ್ಟಾಟಿನ್ ಅಂಥದ್ದು. 2001ರಲ್ಲಿ ಅದನ್ನು ತಯಾರಿಸಲು ಬಯೋಕಾನ್‌ಗೆ ಅಮೆರಿಕದ ಔಷಧ ಇಲಾಖೆಯ ಒಪ್ಪಿಗೆ ಸಿಕ್ಕಿತು.

ಆಮೇಲೆ ಇನ್ಸುಲಿನ್. ನಮ್ಮ ಅತ್ತೆಯವರಿಗೆ ಸಕ್ಕರೆ ಕಾಯಿಲೆ. ಫ್ರಿಜ್ಜಿನ ಬಾಗಿಲಲ್ಲಿ, ಕರಿಬೇವಿನ ಡಬ್ಬಿಯ ಪಕ್ಕ, ಸಣ್ಣದೊಂದು ಗಾಜಿನ ಸೀಸೆ ಯಾವಾಗಲೂ ಇರುತ್ತದೆ. ಬೆಳಿಗ್ಗೆ ಅದನ್ನು ಎರಡು ಅಂಗೈ ನಡುವೆ ಮೆಲ್ಲಗೆ ಉರುಳಿಸಿ, ಸೂಜಿಗೆ ಎಳೆದು, ಹೊಟ್ಟೆಗೆ ಚುಚ್ಚಿಕೊಂಡು, ಆಮೇಲೆ ತಿಂಡಿಗೆ ಕೂರುತ್ತಾರೆ. ಹಿಂದೆ ಈ ಔಷಧವನ್ನು ದನ, ಹಂದಿಗಳ ಮೇದೋಜೀರಕ ಗ್ರಂಥಿಯಿಂದ ತೆಗೆಯುತ್ತಿದ್ದರು. ಈಗ ಮನುಷ್ಯನ ಇನ್ಸುಲಿನ್ನಿನ ಜೀನನ್ನು ಸೂಕ್ಷ್ಮಜೀವಿಯೊಳಗೆ ಸೇರಿಸಿ ಅದರ ಕೈಲೇ ಮಾಡಿಸುತ್ತಾರೆ. ಬಯೋಕಾನ್ ಇದಕ್ಕೆ ಆರಿಸಿಕೊಂಡಿದ್ದು ಪಿಕಿಯಾ ಎಂಬ ಯೀಸ್ಟನ್ನು. ಹೌದು, ಯೀಸ್ಟನ್ನೇ! ಬ್ಯಾಲರಾಟ್‌ನಲ್ಲಿ ಕಲಿತ ಯೀಸ್ಟ್ ಸಾಕುವ ಪಾಠ ಔಷಧದ ಸೀಸೆಗೆ ಬಂದು ಸೇರಿತು. 2004ರಲ್ಲಿ ಇನ್ಸುಜೆನ್ ಎಂಬ ಹೆಸರಲ್ಲಿ ಅದು ಮಾರುಕಟ್ಟೆಗೆ ಬಂತು. ಡಾಕ್ಟರ್ ಆಗಲಾಗದ ಹುಡುಗಿಯ ಔಷಧ ಎಷ್ಟೋ ಮನೆಗಳ ಫ್ರಿಜ್ಜಿಗೆ ಹೋಯಿತು.

ಅದೇ ವರ್ಷ ಕಂಪನಿಯ ಷೇರುಗಳು ಪೇಟೆಗೆ ಬಂದವು. ಮೊದಲ ದಿನವೇ ಕಂಪನಿಯ ಬೆಲೆ 100 ಕೋಟಿ ಡಾಲರ್ ದಾಟಿತು. 2005ರಲ್ಲಿ ಪದ್ಮಭೂಷಣವೂ ಸಿಕ್ಕಿತು.

2007ರ ನಿರ್ಧಾರದ ಬಗ್ಗೆ ಒಂದು ಮಾತು ಹೇಳಲೇಬೇಕು. ಆ ವರ್ಷ ಕಿಣ್ವದ ವ್ಯವಹಾರವನ್ನೆಲ್ಲ ಡೆನ್ಮಾರ್ಕಿನ ನೊವೊಜೈಮ್ಸ್ ಕಂಪನಿಗೆ ಮಾರಿಬಿಟ್ಟರು. 11.5 ಕೋಟಿ ಡಾಲರಿಗೆ. ಗ್ಯಾರೇಜಿನಲ್ಲಿ ಹುಟ್ಟಿದ, ಅನ್ನ ಕೊಟ್ಟ ವ್ಯವಹಾರ ಅದು. ನಮ್ಮಲ್ಲಿ ಎಷ್ಟು ಜನ ಮೊದಲ ಅಂಗಡಿಯನ್ನು ಹಾಗೆ ಬಿಟ್ಟುಕೊಟ್ಟಾರು? ಔಷಧಕ್ಕೆ ಪೂರ್ತಿ ಇಳಿಯಬೇಕಾದರೆ ಹಳೆಯದನ್ನು ಬಿಡಲೇಬೇಕಿತ್ತು. ಆ ಹೊತ್ತಿನಲ್ಲಿ ಅದು ಸರಿಯಾದ ನಿರ್ಧಾರ ಅಂತಲೇ ನಾನು ಹೇಳುತ್ತೇನೆ.

ಆಮೇಲಿನ ದೊಡ್ಡ ಕೆಲಸ ಕ್ಯಾನ್ಸರಿನದು. ಸ್ತನ ಕ್ಯಾನ್ಸರಿಗೆ ಬಳಸುವ ಟ್ರಾಸ್ಟುಜುಮ್ಯಾಬ್ ತುಂಬಾ ದುಬಾರಿ ಔಷಧ. ಅದಕ್ಕೆ ಸರಿಸಾಟಿಯಾದ, ಬೆಲೆ ಕಡಿಮೆಯ ಔಷಧವನ್ನು 2014ರಲ್ಲಿ ಭಾರತದಲ್ಲಿ ತಂದರು. 2017ರ ಕೊನೆಗೆ ಅಮೆರಿಕವೂ ಅದನ್ನು ಒಪ್ಪಿತು. ಅದಕ್ಕೂ ಮೊದಲೇ, 2009ರಲ್ಲಿ, ಡಾಕ್ಟರ್ ದೇವಿ ಶೆಟ್ಟಿಯವರ ಜೊತೆ ಸೇರಿ ಬೊಮ್ಮಸಂದ್ರದಲ್ಲಿ ದೊಡ್ಡ ಕ್ಯಾನ್ಸರ್ ಆಸ್ಪತ್ರೆ ಕಟ್ಟಿದ್ದರು.

ಬೊಮ್ಮಸಂದ್ರದ ಕಡೆಗೆ ಈಗ ಮೆಟ್ರೋ ಇದೆ. 2025ರ ಆಗಸ್ಟಿನಲ್ಲಿ ಶುರುವಾದ ಹಳದಿ ಮಾರ್ಗದಲ್ಲಿ ಒಂದು ನಿಲ್ದಾಣದ ಹೆಸರು ಬಯೋಕಾನ್ ಹೆಬ್ಬಗೋಡಿ. ಬೆಳಗಿನ ಹೊತ್ತು ಆ ದಾರಿಯಲ್ಲಿ ಹೋಗಿ ನೋಡಿ. ಕೊರಳಿಗೆ ಐಡಿ ಕಾರ್ಡು, ಹೆಗಲಿಗೆ ಊಟದ ಚೀಲ ಹಾಕಿಕೊಂಡ ಹೆಣ್ಣುಮಕ್ಕಳು ಗುಂಪುಗುಂಪಾಗಿ ಕೆಲಸಕ್ಕೆ ಹೋಗುತ್ತಿರುತ್ತಾರೆ.

ನಮಸ್ಕಾರ.