ಊರಿಗೆ ನಾನೊಬ್ಬನೇ

ಕೇಳುಗರೆಲ್ಲರಿಗೂ ನಮಸ್ಕಾರ.

ಭಾನುವಾರ ಮಧ್ಯಾಹ್ನ. ಊಟ ಮುಗಿಸಿ ಅಜ್ಜಿಯಿಂದ ಮೊಮ್ಮಕ್ಕಳವರೆಗೆ ಮನೆಮಂದಿಯೆಲ್ಲ ರೇಡಿಯೋ ಮುಂದೆ ಕೂತಿದ್ದಾರೆ. ದೇಶ ಇಂಗ್ಲೆಂಡ್, ಇಸವಿ 1965. ಗಂಭೀರ ದನಿಯ ಗೃಹಸ್ಥನೊಬ್ಬ ಏನೋ ಕೆಲಸಕ್ಕೆಂದು ಒಂದು ಬಾಗಿಲು ತಟ್ಟುತ್ತಾನೆ. ಒಳಗಿನಿಂದ ವಯ್ಯಾರದ ಗಂಡುದನಿ: ನಾನು ಜೂಲಿಯನ್, ಇವನು ನನ್ನ ಗೆಳೆಯ ಸ್ಯಾಂಡಿ. ಅಷ್ಟಕ್ಕೇ ಸ್ಟುಡಿಯೋದಲ್ಲಿ ಕೂತವರು ಬಿದ್ದು ಬಿದ್ದು ನಗುತ್ತಾರೆ. ಅಜ್ಜಿಯೂ ನಗುತ್ತಾಳೆ. ಯಾಕಜ್ಜಿ ನಕ್ಕೆ ಎಂದು ಮೊಮ್ಮಗು ಕೇಳಿದರೆ? ಅಜ್ಜಿಗೆ ತಟ್ಟನೆ ಚಹಾದ ನೆನಪಾಗುತ್ತದೆ.

ಮನೆ ನನ್ನ ಕಲ್ಪನೆ, ಕಾರ್ಯಕ್ರಮ ನಿಜ. ಬಿಬಿಸಿಯ 'ರೌಂಡ್ ದ ಹಾರ್ನ್' 1965ರಿಂದ 1968ರವರೆಗೆ ಬಂತು, ಕೋಟಿಗೂ ಮಿಕ್ಕಿ ಜನ ಕೇಳಿದರು. ಆ ಗೃಹಸ್ಥ ಕೆನೆತ್ ಹಾರ್ನ್. ಜೂಲಿಯನ್ ಆದವರು ಹ್ಯೂ ಪ್ಯಾಡಿಕ್, ಸ್ಯಾಂಡಿ ಆದವರು ಕೆನೆತ್ ವಿಲಿಯಮ್ಸ್. ಇಬ್ಬರೂ ನಿಜಜೀವನದಲ್ಲೂ ಸಲಿಂಗಿಗಳೇ. ಆಗ ಅಲ್ಲಿ ಗಂಡು ಗಂಡಿನ ಕೂಟಕ್ಕೆ ಜೈಲಾಗುತ್ತಿತ್ತು. 1967ರಲ್ಲಿ ಕಾನೂನು ಸಡಿಲವಾಯಿತು, ಅದೂ ಇಂಗ್ಲೆಂಡ್ ಮತ್ತು ವೇಲ್ಸ್‌ಗೆ ಮಾತ್ರ. ಸ್ಕಾಟ್ಲೆಂಡ್ 1980ರವರೆಗೆ ಕಾಯಬೇಕಾಯಿತು, ಉತ್ತರ ಐರ್ಲೆಂಡ್ 1982ರವರೆಗೆ. ಹಾಗಾಗಿ ಆ ಭಾನುವಾರಗಳಲ್ಲಿ ನಾಡಿಗೆ ನಾಡೇ ನಗುತ್ತಿದ್ದದ್ದು, ಕಾನೂನಿನ ಕಣ್ಣಲ್ಲಿ ಇಬ್ಬರು ಅಪರಾಧಿಗಳ ಸಂಸಾರದ ಸಲ್ಲಾಪ ಕೇಳಿ.

ಒಮ್ಮೆ ಈ ಜೋಡಿ ವಕೀಲಿಕೆಗೂ ಇಳಿಯಿತು. ನನ್ನ ಕೇಸು ತಗೊಳ್ತೀರಾ ಎಂದು ಹಾರ್ನ್ ಕೇಳಿದರೆ ಬಂದ ಉತ್ತರ ಸುಮಾರಾಗಿ ಹೀಗೆ: ನೋಡೋಣ, ನಮ್ಮ ಹೊತ್ತೆಲ್ಲ ಕ್ರಿಮಿನಲ್ ಪ್ರ್ಯಾಕ್ಟೀಸಿಗೇ ಹೋಗ್ತದೆ. ಪ್ರ್ಯಾಕ್ಟೀಸ್ ಎಂದರೆ ವಕೀಲಿಕೆಯೂ ಹೌದು, ರೂಢಿಯೂ ಹೌದು. ಒಂದೇ ಮಾತು ಅಜ್ಜಿಗೊಂದು ಅರ್ಥ, ಇನ್ನಾರಿಗೋ ಇನ್ನೊಂದು. ಅಜ್ಜಿಗೂ ಎರಡನೆಯದೇ ಹೊಳೆದಿರಬಹುದು ಎಂಬುದು ನನ್ನ ಗುಮಾನಿ.

ಇವರ ಮಾತಿನ ತುಂಬ ಪೊಲಾರಿ. ನಾವಿಕರು, ಸರ್ಕಸ್ಸಿನವರು, ನಾಟಕದವರು ಇಟಾಲಿಯನ್, ರೋಮಾನಿ, ಯಿಡ್ಡಿಶ್ ಎಲ್ಲ ಕಲೆಸಿ ಕಟ್ಟಿಕೊಂಡ ಗುಟ್ಟುನುಡಿ. ಲಂಡನ್ನಿನ ಸಲಿಂಗಿಗಳಿಗೆ ಅದು ಪೊಲೀಸರ ಎದುರೇ ಹರಟಲು ಒದಗಿದ ನುಡಿ. 'ಬೋನಾ' ಎಂದರೆ ಚೆಂದ, 'ವಾಡಾ' ಎಂದರೆ ನೋಡು. ಇಂಗ್ಲಿಷಿನ 'ಹೇರ್' ಪದದ ಅಕ್ಷರಗಳನ್ನು ಹಿಂದುಮುಂದಾಗಿಸಿದರೆ ಕೂದಲಿಗೆ 'ರಾಯಾ'. ಬಚ್ಚಿಟ್ಟುಕೊಳ್ಳಲು ಹುಟ್ಟಿದ ಭಾಷೆ ಕೊನೆಗೆ ಕೋಟಿ ಕಿವಿಗಳಿಗೆ ಬಿತ್ತು. ಗುಟ್ಟಿಗೆ ಇದಕ್ಕಿಂತ ಅವಮಾನ ಬೇಕೆ!

ಇದರಲ್ಲಿ ನನಗೆ ಇಷ್ಟದವನು ಮಾತ್ರ ಹಾರ್ನ್. ಅವನು ಬೆಚ್ಚುವುದಿಲ್ಲ, ಬೈಯುವುದಿಲ್ಲ, ಅರ್ಥವಾಯಿತೆಂದು ಒಪ್ಪುವುದೂ ಇಲ್ಲ. ಮುಂದಿನ ವಾರ ಮತ್ತೆ ಅದೇ ಬಾಗಿಲು ತಟ್ಟುತ್ತಾನೆ. ಮಡಿವಂತ ಊರುಗಳು ನಡೆಯುವುದೇ ಹೀಗಲ್ಲವೇ? ಎಲ್ಲರಿಗೂ ಗೊತ್ತು, ಯಾರಿಗೂ ಗೊತ್ತಿಲ್ಲ. ಮೂರು ಮನೆಯಾಚೆಯ ಇಬ್ಬರು ಹೆಂಗಸರು ಇಪ್ಪತ್ತು ವರ್ಷದಿಂದ 'ಬಾಡಿಗೆ ಉಳಿಸಲು' ಒಟ್ಟಿಗಿದ್ದಾರೆ. ಮನೆ ಸ್ವಂತದ್ದು! ನಗೆ ಹುಟ್ಟುವುದು ಆ ಬಾಡಿಗೆಯ ಮಾತನ್ನು ಇಡೀ ಬೀದಿ ಮುಖ ಗಂಟಿಕ್ಕದೆ ನಂಬಿದಂತೆ ನಟಿಸುವಾಗ.

ಸ್ಕೆಚ್ ಎಂಬ ಕಿರುಪ್ರಹಸನಕ್ಕೆ ಇನ್ನೊಂದು ಅನುಕೂಲವಿದೆ. ದೊಡ್ಡ ಕಥೆಗಳಲ್ಲಿ ಇಂಥ ಪಾತ್ರ ಬಂತೆಂದರೆ ಕೊನೆಗೆ ನೇಣು ಹಾಕಿಕೊಳ್ಳಬೇಕು, ಇಲ್ಲವೇ ಊರು ಬಿಟ್ಟು ರೈಲು ಹತ್ತಬೇಕು. ಮೂರು ನಿಮಿಷದ ಸ್ಕೆಚ್ಚಿನಲ್ಲಿ ಸಾಯಲು ಪುರುಸೊತ್ತೆಲ್ಲಿ? ಜೂಲಿಯನ್ ಮತ್ತು ಸ್ಯಾಂಡಿ ಪ್ರತಿ ವಾರ ಹೊಸ ದಂಧೆ ಹಿಡಿದು ಹಾಜರ್.

ಎಪ್ಪತ್ತರ ದಶಕದ ಸಲಿಂಗಿ ಹೋರಾಟಗಾರರಲ್ಲಿ ಹಲವರಿಗೆ ಈ ವಯ್ಯಾರ ಹಿಡಿಸಲಿಲ್ಲ. ಬಳುಕುವ ದನಿಯೊಂದೇ ನಮ್ಮ ಗುರುತೇ ಎಂದರು. ನ್ಯಾಯವಾದ ಸಿಟ್ಟು. ಆದರೂ ಹಳೆಯ ಧ್ವನಿಮುದ್ರಣ ಕೇಳಿದಾಗ ನನಗೆ ನಗು ತಡೆಯುವುದಿಲ್ಲ, ಏನು ಮಾಡಲಿ.

ಇನ್ನು ಡ್ಯಾಫಿಡ್ ಎಂಬ ಮಹಾಶಯನ ವಿಚಾರ. ಬಿಬಿಸಿಯ ಇನ್ನೊಂದು ನಗೆ ಕಾರ್ಯಕ್ರಮ 'ಲಿಟಲ್ ಬ್ರಿಟನ್' ಕೂಡ ಮೊದಲು ರೇಡಿಯೋದಲ್ಲೇ ಹುಟ್ಟಿ 2003ರಲ್ಲಿ ಟಿವಿಗೆ ಹೋದದ್ದು. ಅದರಲ್ಲಿ ವೇಲ್ಸಿನ ಒಂದು ಹಳ್ಳಿ. ಮೈಗಂಟಿದ ಹೊಳೆಹೊಳೆವ ಬಟ್ಟೆ ತೊಟ್ಟು ಪಬ್ಬಿಗೆ ಬರುವ ಡ್ಯಾಫಿಡ್‌ನ ಗೋಳು ಒಂದೇ, ಈ ಹಳ್ಳಿಯಲ್ಲಿ ನಾನೊಬ್ಬನೇ ಗೇ. ಪಬ್ಬಿನ ಮಿವಾನ್ವಿ, ಅಯ್ಯೋ, ಇಂಥವನೂ ಇದ್ದಾನಲ್ಲ, ಇಂಥವಳೂ ಇದ್ದಾಳಲ್ಲ, ಪರಿಚಯ ಮಾಡಿಸಲೇ ಎನ್ನುತ್ತಾಳೆ. ಅವನಿಗೆ ಕೆಂಡಾಮಂಡಲ ಕೋಪ. ಬಂದವರನ್ನೆಲ್ಲ ಬೈದು ಓಡಿಸುತ್ತಾನೆ. ಇಲ್ಲಿ ಊರು ಬಾಯಿ ಬಿಟ್ಟು ಹೇಳುತ್ತದೆ, ಕಿವುಡಾಗುವವನು ಅವನು! ಊರು ಒಪ್ಪಿಬಿಟ್ಟರೆ ಅವನ ಒಂಟಿತನದ ಪದವಿ ಹೋಯಿತಲ್ಲ. ಪಾತ್ರ ಮಾಡಿದ ಮ್ಯಾಟ್ ಲ್ಯೂಕಸ್ ಸ್ವತಃ ಸಲಿಂಗಿ. ತನ್ನವರನ್ನೇ ಹೀಗೆ ಕೆಣಕುವ ಸಲಿಗೆ ಹೊರಗಿನವರಿಗೆ ಸುಲಭಕ್ಕೆ ದಕ್ಕದು. ಇದೇ ಕಾರ್ಯಕ್ರಮದಲ್ಲಿ ಬಿಳಿಯರು ಬಣ್ಣ ಬಳಿದುಕೊಂಡು ಬೇರೆ ಜನಾಂಗದವರಾಗಿ ನಟಿಸಿದ್ದರು. ಆ ಕಾರಣಕ್ಕೆ 2020ರಲ್ಲಿ ಬಿಬಿಸಿ ತನ್ನ ಆನ್‌ಲೈನ್ ಸೇವೆಯಿಂದ ಇದನ್ನು ತೆಗೆಯಿತು. ಆ ಭಾಗಗಳನ್ನು ಸಮರ್ಥಿಸಲು ನಾನೂ ಹೋಗುವುದಿಲ್ಲ.

ಕಾರ್ಯಕ್ರಮದ ಹಳ್ಳಿಯ ಹೆಸರನ್ನೇ ಹೋಲುವ ಊರು ವೇಲ್ಸಿನಲ್ಲಿದೆ, ಲ್ಯಾನ್ದೆವಿ ಬ್ರೆವಿ. ಅಭಿಮಾನಿಗಳು ಅಲ್ಲಿಗೆ ಹೋಗಿ ಊರಿನ ನಾಮಫಲಕವನ್ನೇ ಕದ್ದರು.

ಆದರೆ ಡ್ಯಾಫಿಡ್‌ನನ್ನು ನೋಡಿದಾಗಲೆಲ್ಲ ನನಗೆ ನೆನಪಾಗುವುದು ಅದೇ ವೇಲ್ಸಿನ ಡಲೈಸ್ ಕಣಿವೆ. 1984ರಲ್ಲಿ ಗಣಿ ಕಾರ್ಮಿಕರ ಮುಷ್ಕರ ನಡೆದಾಗ ಲಂಡನ್ನಿನ ಸಲಿಂಗಿಗಳು ಡಬ್ಬಿ ಹಿಡಿದು ಬೀದಿಯಲ್ಲಿ ಚಂದಾ ಎತ್ತಿ ಆ ಕಣಿವೆಗೆ ಕಳಿಸಿದರು. ಹಣದ ಹಿಂದೆ ತಾವೂ ಹೋದರು. ಗಣಿಯೂರು, ಗಂಡಸುತನವೇ ದೇವರು ಎಂಬ ಜಾಗ. ಏನಾದೀತೋ ಎಂದು ಎರಡೂ ಕಡೆಯವರಿಗೆ ಅಳುಕಿತ್ತು. ಆದದ್ದು ಸ್ನೇಹ. 1985ರಲ್ಲಿ ಸಲಿಂಗಿಗಳ ಲಂಡನ್ ಪ್ರೈಡ್ ಮೆರವಣಿಗೆಯ ಮುಂಚೂಣಿಯಲ್ಲಿ ತಮ್ಮ ಬ್ಯಾನರ್ ಎತ್ತಿಕೊಂಡು ನಡೆದವರು ಆ ಗಣಿಯೂರುಗಳಿಂದ ಬಂದ ಜನ. ಡ್ಯಾಫಿಡ್ ಏನಾದರೂ ಅಲ್ಲಿದ್ದಿದ್ದರೆ, ಇಷ್ಟೊಂದು ಜನ ಯಾಕೆ ಬಂದರೆಂದು ಮುಖ ಸಿಂಡರಿಸಿಕೊಂಡು ಮನೆಗೆ ಹೋಗಿ ಕದ ಹಾಕಿಕೊಳ್ಳುತ್ತಿದ್ದ.

ನಮಸ್ಕಾರ.