ಮೊಂಡುಮೂಗಿನ ಮರಿಗೆ ದಿನಕ್ಕೆ ಎಷ್ಟು ನಡಿಗೆ ಬೇಕು?

(ಪರದೆಯ ಮೇಲೆ: ದಾರಿಯಲ್ಲಿ ನಡೆಯುತ್ತಿರುವ ಪಗ್ ಮರಿ ಇದ್ದಕ್ಕಿದ್ದಂತೆ ಮಲಗಿಬಿಡುತ್ತದೆ.)

ನಮಸ್ಕಾರ. ಈ ಮರಿಗೆ ಮೂರೂವರೆ ತಿಂಗಳು. ನಮ್ಮ ವೀಕ್ಷಕರೊಬ್ಬರು ಕಳಿಸಿದ ಈ ದೃಶ್ಯದಲ್ಲಿ ಅದು 11 ನಿಮಿಷ ಬಾಲದ ಸುರುಳಿಯನ್ನು ಬಿಗಿ ಮಾಡಿಕೊಂಡು ಠೀವಿಯಿಂದ ಹೆಜ್ಜೆ ಹಾಕುತ್ತದೆ. 12ನೆಯ ನಿಮಿಷದಲ್ಲಿ ನೆರಳಿರುವ ಜಾಗ ನೋಡಿ ಹೊಟ್ಟೆಯನ್ನು ನೆಲಕ್ಕೆ ಒತ್ತಿ, ಹಿಂಗಾಲುಗಳನ್ನು ಕಪ್ಪೆಯಂತೆ ಹಿಂದಕ್ಕೆ ಚಾಚಿ ಮಲಗಿಬಿಡುತ್ತದೆ. ಅವರು ಕೇಳಿರುವುದು ಇಷ್ಟು: ಇದು ಹಟವೋ, ಆಯಾಸವೋ? ದಿನಕ್ಕೆ ಒಂದು ಗಂಟೆ ನಡೆಸಬೇಕೆಂದು ಒಬ್ಬರು, 15 ನಿಮಿಷ ಸಾಕೆಂದು ಇನ್ನೊಬ್ಬರು ಹೇಳಿದರೆ ಯಾರ ಮಾತನ್ನು ನಂಬಬೇಕು?

ಲೆಕ್ಕವನ್ನು ಮೊದಲು ಮುಗಿಸಿಬಿಡೋಣ. ನಾಯಿ ಸಾಕುವವರ ನಡುವೆ ಬಹುಕಾಲದಿಂದ ಓಡಾಡುತ್ತಿರುವ ಸೂತ್ರದ ಪ್ರಕಾರ ಮರಿಯ ವಯಸ್ಸಿನ ಪ್ರತಿ ತಿಂಗಳಿಗೆ 5 ನಿಮಿಷ, ದಿನಕ್ಕೆ ಹೆಚ್ಚೆಂದರೆ ಎರಡು ಬಾರಿ. ಅಂದರೆ ಮೂರು ತಿಂಗಳ ಮರಿಗೆ ಒಂದು ಸಲಕ್ಕೆ 15 ನಿಮಿಷ, ನಾಲ್ಕು ತಿಂಗಳಾದಾಗ 20 ನಿಮಿಷ. ಇದು ಪ್ರಯೋಗದಿಂದ ಸಿದ್ಧವಾದ ಸಂಖ್ಯೆಯಲ್ಲ. ಅಡುಗೆ ಪುಸ್ತಕದ ‘ರುಚಿಗೆ ತಕ್ಕಷ್ಟು ಉಪ್ಪು’ ಎಂಬ ಸೂಚನೆಗಿಂತ ತುಸು ನಿಖರ, ಅಷ್ಟೆ. ಅದರ ಹಿಂದಿರುವ ಕಾಳಜಿ ಎಲುಬಿನದು: ಉದ್ದನೆಯ ಎಲುಬುಗಳ ತುದಿಯಲ್ಲಿರುವ ಮೃದ್ವಸ್ಥಿಯ ಬೆಳೆಯುವ ಭಾಗ ಸಣ್ಣ ತಳಿಗಳಲ್ಲಿ ಸಾಮಾನ್ಯವಾಗಿ ಒಂದು ವರ್ಷದೊಳಗೆ ಗಟ್ಟಿಯಾಗುತ್ತದೆ, ಅಲ್ಲಿಯವರೆಗೆ ಅತಿಯಾದ ಹೊಡೆತ ಬೀಳಬಾರದು. ನಾರ್ವೆಯಲ್ಲಿ ನಾಲ್ಕು ದೊಡ್ಡ ತಳಿಗಳ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಮೂರು ತಿಂಗಳು ತುಂಬುವ ಮೊದಲೇ ದಿನವೂ ಮೆಟ್ಟಿಲು ಹತ್ತಿಳಿದ ಮರಿಗಳಲ್ಲಿ ಸೊಂಟದ ಕೀಲಿನ ದೋಷ ಹೆಚ್ಚಾಗಿಯೂ, ಹಗ್ಗವಿಲ್ಲದೆ ಮೆತ್ತನೆಯ ನೆಲದಲ್ಲಿ ತಮ್ಮಿಷ್ಟಕ್ಕೆ ಅಡ್ಡಾಡಿದ ಮರಿಗಳಲ್ಲಿ ಕಡಿಮೆಯಾಗಿಯೂ ಕಂಡಿತು. ಎಷ್ಟು ನಿಮಿಷ ಎಂಬುದರಷ್ಟೇ ಎಂತಹ ನಡಿಗೆ ಎಂಬುದೂ ಮುಖ್ಯವೆಂದು ಇದರಿಂದ ಊಹಿಸಬಹುದಾದರೂ, ಪಗ್ ಮರಿಯ ಮಟ್ಟಿಗೆ ಕಾಲು ಸೋಲುವ ಮೊದಲೇ ಇನ್ನೊಂದು ಅಂಗ ಸೋಲುತ್ತದೆ. ಈ ವಿಡಿಯೋ ಇರುವುದೇ ಆ ಅಂಗದ ಬಗ್ಗೆ. ಅದು ಮೂಗು.

(ಪರದೆಯ ಮೇಲೆ: ಉದ್ದ ಮೂತಿಯ ನಾಯಿಯ ತಲೆಯ ಸೀಳುನೋಟ.)

ನಡೆದರೆ ಮೈ ಬಿಸಿಯಾಗುತ್ತದೆ. ನಾವು ಬೆವರುತ್ತೇವೆ, ನಾಯಿಯ ಬೆವರು ಪಾದದ ಮೆತ್ತೆಗಳಿಗಷ್ಟೇ ಸೀಮಿತವಾಗಿರುವುದರಿಂದ, ಅದಕ್ಕೆ ಉಳಿಯುವ ಮುಖ್ಯ ದಾರಿ ತೇಕುವುದು. ನಾಲಿಗೆ ಹೊರಚಾಚಿ ತೇಕುವ ನಾಯಿ ಬಾಯಿಂದಲೇ ಉಸಿರಾಡುತ್ತಿದೆಯೆಂದು ನಾನೂ ಬಹಳ ಕಾಲ ತಿಳಿದುಕೊಂಡಿದ್ದೆ. 1970ರಲ್ಲಿ ಕ್ನುಟ್ ಶ್ಮಿಟ್-ನೀಲ್ಸನ್ ಮತ್ತು ಸಂಗಡಿಗರು ಗಾಳಿಯ ಹಾದಿಯನ್ನು ಅಳೆದು ನೋಡಿದಾಗ ಕಂಡದ್ದೇ ಬೇರೆ: ಗಾಳಿ ಬಹುಪಾಲು ಮೂಗಿನಿಂದ ಒಳಹೋಗಿ ಬಾಯಿಯಿಂದ ಹೊರಬರುತ್ತದೆ. ಕಾರಣ ಸೊಗಸಾಗಿದೆ. ಮೂಗಿನ ಒಳಗೆ ಸುರುಳಿ ಸುರುಳಿಯಾದ ತೆಳು ಎಲುಬುಗಳಿದ್ದು, ಅವುಗಳ ಮೇಲಿನ ಒದ್ದೆ ಪದರ ಹಗ್ಗದ ಮೇಲೆ ಹರವಿದ ಹಸಿ ಬಟ್ಟೆಯಂತೆ ಗಾಳಿ ತಾಗಿದಷ್ಟೂ ಆರುತ್ತಾ ತಂಪಾಗುತ್ತದೆ. ಒಳಗೆ ಹೋದ ಗಾಳಿ ಅದೇ ಮೂಗಿನಿಂದ ಹಿಂದಿರುಗಿದರೆ ಹೊತ್ತೊಯ್ದ ತೇವವನ್ನೂ ಬಿಸಿಯನ್ನೂ ಅಲ್ಲಿಯೇ ಇಳಿಸಿಬಿಡುತ್ತದೆ. ಬಾಯಿಯಿಂದ ಹೊರಟರೆ ಬಿಸಿಯೂ ಹೊರಗೆ ಹೋಗುತ್ತದೆ. ನಮ್ಮ ಕಣ್ಣಿಗೆ ಬೀಳುವ ನಾಲಿಗೆ ಹೊರಬಾಗಿಲು ಮಾತ್ರ. ತಂಪಿನ ಕಾರ್ಖಾನೆ ಇರುವುದು ಮೂಗಿನೊಳಗೆ.

ಇದಕ್ಕಿಂತ ಸೋಜಿಗವಾದ ಸಂಗತಿ ಇನ್ನೊಂದಿದೆ. ಸಂಪಾದಕರು ಇದನ್ನು ಕತ್ತರಿಸಲು ಹೇಳಿದ್ದರು, ನಾನು ಒಪ್ಪಲಿಲ್ಲ. ಬಿಸಿಯೇರಿದ ನಾಯಿಯ ಉಸಿರಿನ ವೇಗ ಮೆಲ್ಲಗೆ ಏರುವುದಿಲ್ಲ. ನಿಮಿಷಕ್ಕೆ ಸುಮಾರು 30ರಿಂದ ಒಮ್ಮೆಗೇ 300ರ ಆಸುಪಾಸಿಗೆ ಜಿಗಿಯುತ್ತದೆ. ನಿಮಿಷಕ್ಕೆ 300 ಬಾರಿ ತಿದಿಯೊತ್ತುವ ಶ್ರಮದಿಂದಲೇ ಮೈ ಇನ್ನಷ್ಟು ಕಾಯಬೇಕಲ್ಲವೇ? ಉಯ್ಯಾಲೆಯನ್ನು ನೆನಪಿಸಿಕೊಳ್ಳಿ. ಅದರ ಸಹಜ ಲಯಕ್ಕೆ ಸರಿಯಾಗಿ ತಳ್ಳಿದರೆ ಒಂದು ಬೆರಳು ಸಾಕು, ಲಯ ತಪ್ಪಿ ತಳ್ಳಿದರೆ ತೋಳೇ ಸೋತುಹೋಗುತ್ತದೆ. ನಾಯಿಯ ಎದೆಗೂಡಿಗೂ ಹಾಗೆಯೇ ತನ್ನದೇ ಆದ ಸಹಜ ಲಯವೊಂದಿದ್ದು, ತೇಕುವ ವೇಗ ಅದಕ್ಕೆ ಹೊಂದಿಕೊಂಡಿದೆಯೆಂದು 1962ರಲ್ಲಿ ಕ್ರಾಫರ್ಡ್ ಎಂಬ ವಿಜ್ಞಾನಿ ತೋರಿಸಿದರು. ನಡುವಿನ ವೇಗಗಳು ದುಬಾರಿ, ಈ ಒಂದು ವೇಗ ಅಗ್ಗ. ನಾಯಿ ಅಗ್ಗದ್ದನ್ನೇ ಆರಿಸಿಕೊಳ್ಳುತ್ತದೆ.

(ಪರದೆಯ ಮೇಲೆ: ಅದೇ ಸೀಳುನೋಟ, ಈಗ ಪಗ್‌ನದು.)

ಈಗ ಈ ಯಂತ್ರವನ್ನೆಲ್ಲ ಒಂದು ಮೊಂಡುಮೂತಿಯೊಳಗೆ ತುರುಕಿ ನೋಡಿ. ತಳಿ ಬೆಳೆಸಿದವರು ತಲೆಬುರುಡೆಯನ್ನು ಗಿಡ್ಡ ಮಾಡಿದರು, ಆದರೆ ಒಳಗಿನ ಮಾಂಸಲ ಭಾಗ ಅದೇ ಪ್ರಮಾಣದಲ್ಲಿ ಕುಗ್ಗಲಿಲ್ಲ. ಹೀಗಾಗಿ ಹೊಳ್ಳೆಗಳು ಕಿರಿದಾಗಿ, ಸುರುಳಿ ಎಲುಬುಗಳು ಇಕ್ಕಟ್ಟಿನಲ್ಲಿ ಒತ್ತೊತ್ತಾಗಿ, ಅಂಗುಳಿನ ಹಿಂಬದಿಯ ಮೆತ್ತನೆಯ ಭಾಗ ಉದ್ದವಾಗಿ ಜೋತು ಶ್ವಾಸದ ದಾರಿಗೆ ಅಡ್ಡ ಬರುತ್ತದೆ. ನಾವು ಮುದ್ದು ಮಾಡುವ ಆ ಗೊರಕೆ ಬಹುಮಟ್ಟಿಗೆ ಅದರ ಅದುರುವಿಕೆಯ ಸದ್ದು. ನೇರ ಕೊಳವೆಯೊಂದರ ಅಗಲವನ್ನು ಅರ್ಧಕ್ಕಿಳಿಸಿದರೆ ಸರಾಗವಾದ ಹರಿವಿಗೆ ಎದುರಾಗುವ ತಡೆ ಎರಡು ಪಟ್ಟಲ್ಲ, 16 ಪಟ್ಟು. ಮೂಗಿನ ಅಂಕುಡೊಂಕಿಗೆ ಈ ಲೆಕ್ಕ ಅಕ್ಷರಶಃ ಹೊಂದದಿದ್ದರೂ ತೊಂದರೆಯ ಜಾಡು ಅದೇ: ಗಾಳಿ ಎಳೆಯಲು ಹೆಚ್ಚು ಬಲ ಬೇಕು, ಬಲ ಹಾಕಿದಷ್ಟೂ ಗಂಟಲು ಊದಿಕೊಳ್ಳುತ್ತದೆ, ಊದಿದಷ್ಟೂ ದಾರಿ ಕಿರಿದಾಗುತ್ತದೆ, ಅಗ್ಗವಾಗಿದ್ದ ತೇಕು ದುಬಾರಿಯಾಗುತ್ತದೆ. ಬ್ರಿಟನ್ನಿನಲ್ಲಿ 9 ಲಕ್ಷಕ್ಕೂ ಹೆಚ್ಚು ನಾಯಿಗಳ 2016ರ ಚಿಕಿತ್ಸಾ ದಾಖಲೆಗಳನ್ನು ಪರಿಶೀಲಿಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಲ್ಯಾಬ್ರಡಾರ್‌ಗೆ ಹೋಲಿಸಿದರೆ ಶಾಖಾಘಾತದ ಸಂಭವ ಪಗ್‌ಗೆ ಸುಮಾರು ಮೂರು ಪಟ್ಟು, ಬುಲ್‌ಡಾಗ್‌ಗೆ ಸುಮಾರು 14 ಪಟ್ಟು ಇತ್ತು. ಮುಚ್ಚಿದ ಕಾರಿನೊಳಗೆ ಸಿಕ್ಕಿಬಿದ್ದ ನಾಯಿಗಳೇ ಇವುಗಳಲ್ಲಿ ಹೆಚ್ಚಿರಬೇಕೆಂದು ನಮಗೆ ಅನ್ನಿಸಬಹುದು. ಆದರೆ ಅದೇ ತಂಡ ಮುಂದುವರಿದು ಕಾರಣಗಳನ್ನು ಬಿಡಿಸಿ ನೋಡಿದಾಗ, ಸುಮಾರು ಮುಕ್ಕಾಲು ಪಾಲು ಪ್ರಕರಣಗಳಲ್ಲಿ ಕಂಡದ್ದು ನಡಿಗೆ, ಓಟ, ಆಟದಂತಹ ಶ್ರಮವೇ.

ಆದ್ದರಿಂದ ಗಡಿಯಾರವನ್ನು ಮೇಲಿನ ಮಿತಿಯೆಂದು ಇಟ್ಟುಕೊಂಡು, ನಡಿಗೆ ಎಲ್ಲಿ ನಿಲ್ಲಬೇಕೆಂಬುದನ್ನು ಮರಿಯ ಉಸಿರಿಗೆ ಬಿಡಬೇಕು. ನಾಲಿಗೆಯ ತುದಿ ಅಗಲವಾಗಿ ಸೌಟಿನಂತೆ ಚಪ್ಪಟೆಯಾಗಿದೆಯೇ, ಉಸಿರಿನ ಸದ್ದು ಹೊರಡುವಾಗ ಇದ್ದದ್ದಕ್ಕಿಂತ ಗಡುಸಾಗಿದೆಯೇ, ನಿಂತ ಮೇಲೆ ಎಷ್ಟು ಹೊತ್ತಿಗೆ ಬಾಯಿ ಮುಚ್ಚಿಕೊಳ್ಳುತ್ತದೆ, ಈ ಮೂರನ್ನು ದಿನವೂ ಗಮನಿಸಿದರೆ ನಿಮ್ಮ ಮರಿಯ ಅಳತೆ ನಿಮಗೇ ಸಿಗುತ್ತದೆ. ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ: ಉಸಿರಾಟದ ತೊಂದರೆಯ ಲಕ್ಷಣಗಳು ಸ್ಪಷ್ಟವಾಗಿದ್ದ ನಾಯಿಗಳ ಒಡೆಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ತಮ್ಮ ನಾಯಿಗೆ ಏನೂ ತೊಂದರೆಯಿಲ್ಲವೆಂದೇ ಹೇಳಿದ್ದು 2012ರ ಇನ್ನೊಂದು ಅಧ್ಯಯನದಲ್ಲಿ ದಾಖಲಾಗಿದೆ. ‘ಪಗ್ ಅಂದಮೇಲೆ ಗೊರಕೆ ಇದ್ದದ್ದೇ’ ಎಂಬ ಮಾತು ನನಗೆ ಸಮ್ಮತವಲ್ಲ. ಕೇಂಬ್ರಿಜ್ ವಿಶ್ವವಿದ್ಯಾಲಯದ ಸಂಶೋಧಕರು ರೂಪಿಸಿದ ಪರೀಕ್ಷೆಯಲ್ಲಿ ನಾಯಿಯನ್ನು 3 ನಿಮಿಷ ಚುರುಕಾಗಿ ನಡೆಸಿ, ಮೊದಲೂ ಆಮೇಲೂ ಗಂಟಲಿಗೆ ಸ್ಟೆತಸ್ಕೋಪ್ ಇಟ್ಟು ಕೇಳಿ, 0ಯಿಂದ 3ರವರೆಗೆ ದರ್ಜೆ ಕೊಡುತ್ತಾರೆ. ಅದು ಒಂದು ವರ್ಷ ತುಂಬಿದ ನಾಯಿಗಳಿಗೆ. ಆದರೂ ದೋಷ ಹೊರಬೀಳಲು 3 ನಿಮಿಷ ಸಾಕೆಂಬುದನ್ನು ಗಮನಿಸಿ.

ಸಮಯ ಮೀರುತ್ತಿದೆ, ಉಳಿದದ್ದನ್ನು ಒಟ್ಟಿಗೆ ಹೇಳಿಬಿಡುತ್ತೇನೆ. ಲಸಿಕೆಗಳ ಸರಣಿ ಮುಗಿಯುವವರೆಗೆ ಬೇರೆ ನಾಯಿಗಳು ಓಡಾಡುವ ನೆಲದ ಮೇಲೆ ಇಳಿಸಬಾರದು, ಆದರೆ ಹೊರಗಿನ ಸದ್ದು, ಜನ, ವಾಹನಗಳ ಪರಿಚಯವಾಗಬೇಕಾದದ್ದೂ ಅದೇ ವಯಸ್ಸಿನಲ್ಲಾದ್ದರಿಂದ ಎತ್ತಿಕೊಂಡು ಸುತ್ತಾಡಿಸಿ. ಹಗ್ಗವನ್ನು ಕುತ್ತಿಗೆಯ ಪಟ್ಟಿಗೆ ಕಟ್ಟದೆ ಎದೆಗೆ ಹಾಕುವ ಹಾರ್ನೆಸ್‌ಗೆ ಕಟ್ಟಿ. ಅಂಗೈಯ ಹಿಂಬದಿಯನ್ನು ಕೆಲವು ಸೆಕೆಂಡು ಇಡಲಾಗದಷ್ಟು ನೆಲ ಕಾದಿದ್ದರೆ ಅಂದಿನ ನಡಿಗೆಯನ್ನು ಬಿಟ್ಟು, ಮನೆಯೊಳಗೆ ತಿಂಡಿ ಬಚ್ಚಿಟ್ಟು ಮೂಸಿ ಹುಡುಕಲು ಬಿಡಿ. ಮೈತೂಕ ಏರಲು ಬಿಡಬೇಡಿ, ಬೊಜ್ಜು ಉಸಿರಿನ ದಾರಿಯನ್ನು ಇನ್ನಷ್ಟು ಕೆಡಿಸುತ್ತದೆ. ವಸಡು ನೀಲಿಯಾದರೆ, ಮರಿ ತೂರಾಡಿದರೆ ಅಥವಾ ಕುಸಿದರೆ, ಮೊದಲು ಮೈಮೇಲೆ ತಣ್ಣೀರು ಸುರಿದು ಗಾಳಿ ಬೀಸಿ, ಹಾಗೆಯೇ ತಂಪು ಮಾಡುತ್ತಾ ಪಶುವೈದ್ಯರ ಬಳಿಗೆ ಒಯ್ಯಿರಿ.

(ಪರದೆಯ ಮೇಲೆ: ಮೊದಲಿನ ಮರಿಯ ದೃಶ್ಯದ ಕೊನೆಯ ಭಾಗ.)

ಇನ್ನು ಆ ಮರಿ. ಹೊಟ್ಟೆಯ ಮೇಲೆ ರೋಮ ತೆಳುವಾಗಿರುತ್ತದೆ, ಕೆಳಗಿರುವುದು ನೆರಳಿನ ನೆಲ. ಅದು ಮಾಡುತ್ತಿರುವುದು ಹಟವಲ್ಲ, ಮೈ ತಂಪು ಮಾಡಿಕೊಳ್ಳುವ ಕೆಲಸ. ಇವರು ಹಗ್ಗ ಜಗ್ಗದೆ ಕಾದಿದ್ದಾರೆ. ಒಂದು ನಿಮಿಷದೊಳಗೆ ನಾಲಿಗೆ ಒಳಗೆ ಹೋಯಿತು, ಬಾಯಿ ಮುಚ್ಚಿತು, ಈಗ ನೋಡಿ, ಎದ್ದು ಪಕ್ಕದ ಒಣಗಿದ ಎಲೆಯನ್ನು ಮೂಸುತ್ತಿದೆ. ಸೂತ್ರದ ಪ್ರಕಾರ ಇನ್ನೂ ಐದಾರು ನಿಮಿಷ ಬಾಕಿಯಿದ್ದರೂ ಇವರು ಮರಿಯನ್ನು ಎತ್ತಿಕೊಂಡು ಮನೆಗೆ ಹೊರಟಿದ್ದಾರೆ. ಮುಂದಿನ ಒಂದೆರಡು ವಾರ 10 ನಿಮಿಷಕ್ಕೇ ನಿಲ್ಲಿಸಿ, ಬೇಕಿದ್ದರೆ ಸಂಜೆ ತಂಪಾದ ಮೇಲೆ ಇನ್ನೊಮ್ಮೆ ಕರೆದೊಯ್ಯಿರಿ.