ಫ್ಯುಯಲ್ ಪಂಪ್ ಸುತ್ತ ಆಯಿಲ್ ಸೋರಿಕೆ: ಸ್ಪ್ಯಾನರ್‌ಗಿಂತ ಮೊದಲು ಬಟ್ಟೆ ಹಿಡಿಯಿರಿ

ಇವತ್ತು ಹಳೆ ಕಾರಿನ ಬಾನೆಟ್ ಕೆಳಗೆ ಒಂದೇ ಕೆಲಸ. ಎಂಜಿನ್ ಬ್ಲಾಕ್ ಪಕ್ಕಕ್ಕೆ ಎರಡು ಬೋಲ್ಟ್‌ನಲ್ಲಿ ಕೂತಿದೆಯಲ್ಲ, ಅದೇ ಮೆಕ್ಯಾನಿಕಲ್ ಫ್ಯುಯಲ್ ಪಂಪ್. ಅದರ ಕೆಳಗೆ ನೋಡಿ, ಕಪ್ಪು ಜಿಡ್ಡು. ಮುಟ್ಟಿದರೆ ಬೆರಳಿಗೆ ಎಂಜಿನ್ ಆಯಿಲ್.

ಪೆಟ್ರೋಲ್ ತಳ್ಳುವ ಪಂಪ್ ಹತ್ತಿರ ಆಯಿಲ್‌ಗೆ ಏನು ಕೆಲಸ ಅನ್ನಿಸುತ್ತೆ, ಅಲ್ವಾ? ಈ ಪಂಪ್‌ಗೆ ಕರೆಂಟ್ ಬೇಕಾಗಿಲ್ಲ. ಇದರ ಲಿವರ್ ಬ್ಲಾಕ್‌ನ ತೂತಿನ ಒಳಗೆ ಹೋಗಿ ಕ್ಯಾಮ್‌ಶಾಫ್ಟ್‌ಗೆ, ಅಂದರೆ ಉಬ್ಬುಗಳಿರುವ ತಿರುಗುವ ದಂಡಕ್ಕೆ, ಒರಗಿರುತ್ತದೆ. ಕ್ಯಾಮ್ ತಿರುಗಿದಾಗ ಲಿವರ್ ಆಡುತ್ತದೆ, ಡಯಾಫ್ರಾಮ್ ಅನ್ನುವ ಬಾಗುವ ಪೊರೆಯನ್ನು ಎಳೆಯುತ್ತದೆ, ಟ್ಯಾಂಕ್‌ನಿಂದ ಪೆಟ್ರೋಲ್ ಬರುತ್ತದೆ. ಅದನ್ನು ಕಾರ್ಬ್ಯುರೇಟರ್‌ಗೆ ತಳ್ಳುವುದು ಒಳಗಿನ ಸ್ಪ್ರಿಂಗ್. ತೂತಿನ ಆ ಕಡೆ ಆಯಿಲ್ ಎರಚಾಡುತ್ತಲೇ ಇರುತ್ತದೆ. ಅದನ್ನು ತಡೆದು ನಿಲ್ಲಿಸಿರುವುದು ಪಂಪ್‌ಗೂ ಬ್ಲಾಕ್‌ಗೂ ನಡುವೆ ಕೂರುವ ಒಂದು ತೆಳ್ಳನೆಯ ಪದರ, ಗ್ಯಾಸ್ಕೆಟ್, ಅಷ್ಟೆ.

ಹಾಗಂತ ಸೀದಾ ಗ್ಯಾಸ್ಕೆಟ್ ಬದಲಿಸಲು ಹೋಗಬೇಡಿ. ಆಯಿಲ್ ಮೇಲಿನಿಂದಲೂ ಇಳಿದು ಬರಬಹುದು. ಎಂಜಿನ್‌ನ ಮೇಲಿನ ಮುಚ್ಚಳ, ಅಂದರೆ ರಾಕರ್ ಕವರ್, ಸೋರಿದರೆ ಅದು ಬ್ಲಾಕ್ ಹಿಡಿದು ಜಾರಿ ಪಂಪ್ ಮೇಲೆ ಕೂರುತ್ತದೆ, ಬೈಗುಳ ಪಂಪ್‌ಗೆ. ಅದಕ್ಕೇ ಎಂಜಿನ್ ತಣ್ಣಗಿರುವಾಗಲೇ ಡಿಗ್ರೀಸರ್ ಹಾಕಿ, ಬ್ರಷ್‌ನಿಂದ ಉಜ್ಜಿ, ಒಣಗಿಸಿದ್ದೇನೆ. ಈಗ ಮೇಲೆ ಟಾಲ್ಕಮ್ ಪೌಡರ್. ನಗಬೇಡಿ! ಎಂಜಿನ್ ಸ್ವಲ್ಪ ಹೊತ್ತು ಓಡಿದರೆ ಬಿಳಿ ಪುಡಿ ಎಲ್ಲಿ ಮೊದಲು ಒದ್ದೆಯಾಗುತ್ತದೋ ಅಲ್ಲೇ ಸೋರಿಕೆ.

ಕ್ಯಾಮೆರಾ ಹತ್ತಿರ ತರುತ್ತೇನೆ. ಪಂಪ್ ಮೈಮೇಲೆ ಪುಟ್ಟ ತೂತು ಕಾಣುತ್ತಿದೆಯಾ? ಇದು ವೀಪ್ ಹೋಲ್. ಬಹಳ ಜನ ಇದನ್ನು ಗಮನಿಸುವುದೇ ಇಲ್ಲ. ಇಲ್ಲಿಂದ ಆಯಿಲ್ ಬಂದರೆ ಡಯಾಫ್ರಾಮ್ ರಾಡ್‌ನ ಸೀಲ್ ಸವೆದಿದೆ. ಪೆಟ್ರೋಲ್ ಬಂದರೆ ಡಯಾಫ್ರಾಮೇ ಹರಿದಿದೆ, ಗಾಡಿ ಅಲ್ಲೇ ನಿಲ್ಲಿಸಿ. ಹರಿದ ಡಯಾಫ್ರಾಮ್‌ನಿಂದ ಪೆಟ್ರೋಲ್ ಒಳಗಿಳಿದು ಆಯಿಲ್‌ಗೆ ಸೇರುವುದೂ ಉಂಟು. ಆಗ ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮಟ್ಟ ತಾನಾಗಿಯೇ ಏರುತ್ತದೆ. ಹಳೆ ಎಂಜಿನ್ ಆಯಿಲ್ ಕುಡಿಯುವುದು ಸಹಜ, ಹೆಚ್ಚಿಸಿಕೊಳ್ಳುವುದಲ್ಲ. ಮೂಸಿ ನೋಡಿ. ಪೆಟ್ರೋಲ್ ವಾಸನೆ ಇದ್ದರೆ ಪಂಪ್ ಜೊತೆಗೆ ಆಯಿಲ್ ಕೂಡ ಬದಲಿಸಲೇಬೇಕು. ತೆಳುವಾದ ಆಯಿಲ್ ಬೇರಿಂಗ್ ಕಾಯುವುದಿಲ್ಲ.

ನನ್ನದರಲ್ಲಿ ವೀಪ್ ಹೋಲ್ ಒಣಗಿದೆ. ಲಿವರ್ ಪಿನ್‌ನ ಎರಡು ತುದಿಯೂ ಒಣಗಿವೆ. ಒದ್ದೆ ಇರುವುದು ಫ್ಲ್ಯಾಂಜ್‌ನ, ಅಂದರೆ ಬ್ಲಾಕ್‌ಗೆ ಕೂರುವ ಪಂಪ್‌ನ ಚಪ್ಪಟೆ ಮುಖದ, ಕೆಳ ಅಂಚಿನಲ್ಲಿ ಮಾತ್ರ. ಸರಿ, ಬಿಚ್ಚೋಣ.

ಬ್ಯಾಟರಿಯ ನೆಗೆಟಿವ್ ತೆಗೆದೆ. ಗಾಳಿ ಆಡುವ ಜಾಗ, ಕೈಗೆ ಸಿಗುವಂತೆ ಫೈರ್ ಎಕ್ಸ್‌ಟಿಂಗ್ವಿಷರ್. ಟ್ಯಾಂಕ್ ಕಡೆಯ ಹೋಸ್ ಬಾಯಿಗೆ ಒಂದು ಬೋಲ್ಟ್ ತುರುಕಿದೆ, ಇಲ್ಲದಿದ್ದರೆ ಪೆಟ್ರೋಲ್ ಸುರಿಯುತ್ತಲೇ ಇರಬಹುದು. ಎಂಜಿನ್ ಕೈಯಲ್ಲಿ ತಿರುಗಿಸಿ, ಲಿವರ್ ಮೇಲೆ ಕ್ಯಾಮ್‌ನ ಒತ್ತಡ ಇಲ್ಲದ ಜಾಗಕ್ಕೆ ತಂದು ನಿಲ್ಲಿಸಿದೆ.

ಬೋಲ್ಟ್ ಬಿಚ್ಚಿ ಪಂಪ್ ಹೊರಗೆ ತೆಗೆದೆ. ಈಗ ಇದನ್ನು ನೋಡಿ. ಫ್ಲ್ಯಾಂಜ್ ಅನ್ನು ಗಾಜಿನ ಮೇಲೆ ಇಟ್ಟಿದ್ದೇನೆ. ಬೋಲ್ಟ್ ಹಾಕುವ ಎರಡು ಕಿವಿ ಗಾಜಿಗೆ ತಾಗಿವೆ, ನಡುವೆ ಬೆಳಕು ನುಸುಳುತ್ತಿದೆ. ಸೋರುತ್ತಿದೆ ಅಂತ ಹಿಂದೆ ಯಾರೋ ಬಿಗಿದಿದ್ದಾರೆ, ಮತ್ತೆ ಸೋರಿತು ಅಂತ ಮತ್ತೂ ಬಿಗಿದಿದ್ದಾರೆ. ಕಿವಿ ಬಾಗಿದ ಮೇಲೆ ಎಷ್ಟು ಹೊಸ ಗ್ಯಾಸ್ಕೆಟ್ ಹಾಕಿದರೂ ಸುಮ್ನೆ. ಗಾಜಿನ ಮೇಲೆ ಎಮರಿ ಪೇಪರ್ ಹಾಸಿ, ಇಡೀ ಮುಖ ಒಂದೇ ಥರ ಹೊಳೆಯುವವರೆಗೆ ನಿಧಾನಕ್ಕೆ ತಿಕ್ಕಬೇಕು. ಈ ಭಾಗವನ್ನು ವೇಗವಾಗಿ ಓಡಿಸುತ್ತಿದ್ದೇನೆ, ನಿಜವಾಗಿ ಬಹಳ ಹೊತ್ತು ಹಿಡಿಯಿತು. ಬ್ಲಾಕ್ ಕಡೆ ಕೆರೆಯುವಾಗ ತೂತಿಗೆ ಬಟ್ಟೆ ತುಂಬಿ. ಆಮೇಲೆ ತೆಗೆಯಿರಿ!

ಪಂಪ್‌ಗೂ ಬ್ಲಾಕ್‌ಗೂ ನಡುವೆ ದಪ್ಪ ಸ್ಪೇಸರ್ ಇದ್ದರೆ ಎರಡೂ ಕಡೆ ಗ್ಯಾಸ್ಕೆಟ್ ಬೇಕು. ಸ್ಪೇಸರ್ ಯಾಕೆ ಅಂತ ಬಿಸಾಡಬೇಡಿ. ಎಂಜಿನ್ ಶಾಖ ಪಂಪ್‌ಗೆ ಹತ್ತದಂತೆ ತಡೆಯುವುದು ಅದೇ, ಲಿವರ್ ಎಷ್ಟು ಆಡಬೇಕು ಅನ್ನುವುದೂ ಅದರ ದಪ್ಪದ ಮೇಲಿದೆ. ಹಳೆಯ ಫೋಕ್ಸ್‌ವ್ಯಾಗನ್ ಬೀಟಲ್‌ನಲ್ಲಂತೂ ಪಂಪ್ ತಳ್ಳುವ ರಾಡ್ ಎಷ್ಟು ಆಡಬೇಕು ಅನ್ನುವುದನ್ನು ಗ್ಯಾಸ್ಕೆಟ್ ಸೇರಿಸಿ, ತೆಗೆದೇ ಹೊಂದಿಸುತ್ತಾರೆ. ಹಾಗಾಗಿ ಒಂದರ ಮೇಲೊಂದು ಗ್ಯಾಸ್ಕೆಟ್ ಪೇರಿಸುವುದು ಸೋರಿಕೆಗೆ ಮದ್ದಲ್ಲ. ಸಿಲಿಕೋನ್ ಸುರಿಯುವುದೂ ನನಗೆ ಇಷ್ಟವಿಲ್ಲ. ಒಳಗೆ ಉಬ್ಬಿದ ಚೂರು ಕಿತ್ತು ಆಯಿಲ್ ಪಂಪ್‌ನ ಜಾಲರಿಗೆ ಹೋಗಿ ಕೂರಬಹುದು. ಗಟ್ಟಿಯಾಗದ ಸೀಲಂಟ್ ತೆಳ್ಳಗೆ ಸವರಿದರೆ ಸಾಕು. ಕೆಲವು ಎಂಜಿನ್‌ಗಳಲ್ಲಿ ಬೋಲ್ಟ್ ತೂತು ಒಳಗಿನವರೆಗೆ ಹೋಗಿರುತ್ತದೆ, ಬೋಲ್ಟ್‌ನ ಮರೆಯ (ಥ್ರೆಡ್) ಮೇಲೆ ಆಯಿಲ್ ಹತ್ತಿ ಬರುತ್ತದೆ. ಅಂಥ ಕಡೆ ಮರೆಗೂ ಸೀಲಂಟ್.

ಕೂರಿಸುವಾಗ ಲಿವರ್ ಕ್ಯಾಮ್‌ನ ಸರಿಯಾದ ಮಗ್ಗುಲಿಗೇ ಬರಬೇಕು. ತಪ್ಪು ಕಡೆ ಸಿಕ್ಕಿ ಬೋಲ್ಟ್ ಬಿಗಿದರೆ ಲಿವರ್ ಮುರಿಯುತ್ತದೆ. ಎರಡೂ ಬೋಲ್ಟ್ ಮೊದಲು ಕೈಯಲ್ಲೇ ಹಿಡಿಸಿ, ಆಮೇಲೆ ಇದೊಂದಿಷ್ಟು, ಅದೊಂದಿಷ್ಟು. ಕೊನೆಯ ಬಿಗಿ ಮ್ಯಾನ್ಯುಯಲ್ ಹೇಳಿದಷ್ಟೇ, ಟಾರ್ಕ್ ರೆಂಚ್‌ನಲ್ಲಿ.

ಹೋಸ್, ಬ್ಯಾಟರಿ ಎಲ್ಲ ಸೇರಿಸಿದೆ. ಸ್ಟಾರ್ಟ್ ಆಗಲು ತುಸು ಹೆಚ್ಚು ಹೊತ್ತು ತಿರುಗಿತು. ಕಾರ್ಬ್ಯುರೇಟರ್ ಬಟ್ಟಲು ತುಂಬಬೇಕಲ್ಲ. ಮೊದಲು ಪೆಟ್ರೋಲ್ ಸೋರಿಕೆ ಇದೆಯಾ ನೋಡಿದೆ, ಆಯಿಲ್ ಆಮೇಲೆ. ಬಿಸಿಯಾಗಿ ತಣ್ಣಗಾದ ಮೇಲೆ ಟಿಶ್ಯೂ ಒರೆಸಿದೆ, ಒಣಗಿದೆ. ಇಷ್ಟಾದರೂ ನಿಮ್ಮದು ಸೋರಿದರೆ ಬ್ರೀದರ್ ಪೈಪ್ ಕಟ್ಟಿಕೊಂಡಿದೆಯಾ ನೋಡಿ. ಒಳಗಿನ ಒತ್ತಡಕ್ಕೆ ಹೊರಗೆ ದಾರಿ ಇಲ್ಲದಿದ್ದರೆ ಅದು ಹೊಸ ಗ್ಯಾಸ್ಕೆಟ್‌ನಿಂದಲೂ ಆಯಿಲ್ ತಳ್ಳುತ್ತದೆ. ನನ್ನದನ್ನು ಈಗಲೇ ಬಿಚ್ಚಿ ತೊಳೆಯಲು ಹಾಕಿದ್ದೇನೆ.